ಬೀಸುಕಲ್ಲಿನ ಆಚೆಯ ಕೈ

ಹಾಸನದ ಸೀಮೆಗೆ ಹಿಟ್ಟಿನ ಗಿರಣಿಗಳು ಬರುವುದಕ್ಕೆ ಮೊದಲು, ಕೋಳಿ ಕೂಗುವ ಹೊತ್ತಿಗೆ ಎದ್ದು ರಾಗಿ ಬೀಸುತ್ತಿದ್ದ ಹೆಂಗಸರು ಒಂದೇ ಗೂಟಕ್ಕೆ ಆಚೆಯೊಬ್ಬಳು ಈಚೆಯೊಬ್ಬಳು ಕೈಹಚ್ಚಿ ಕೂರುತ್ತಿದ್ದರು. ತವರಿನ ನೆನಪನ್ನೋ ಅತ್ತೆಮನೆಯ ಸಂಕಟವನ್ನೋ ಮಡಿಲಿನಿಂದ ಜಾರಿದ ಕೂಸಿನ ಶೋಕವನ್ನೋ ಒಬ್ಬಳು ಪದವಾಗಿ ಎತ್ತಿಕೊಂಡರೆ, ಅವಳ ಕೊರಳು ಬಿಗಿದು ಸೊಲ್ಲು ನಿಂತೆಡೆಯಲ್ಲಿ ಎದುರಿನವಳು ಅದನ್ನು ಮುಂದುವರಿಸುತ್ತಿದ್ದಳು. ಕಲ್ಲು ಮಾತ್ರ ನಿಲ್ಲುತ್ತಿರಲಿಲ್ಲ. ಇಂದು ಮೇಜಿನ ಮುಂದೆ ಏಕಾಕಿಯಾಗಿ ಕುಳಿತು ತಮ್ಮ ಬಾಳಿನ ವೃತ್ತಾಂತವನ್ನು ಬರೆಯತೊಡಗಿದವರಿಗೆ ಲೇಖನಿಯುಂಟು, ಕಾಗದವುಂಟು, ವಿರಾಮವೂ ಉಂಟು. ಆಚೆಯ ಆ ಕೈಯೊಂದಿಲ್ಲ.

ದುಃಖವನ್ನು ಬರೆಯುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆಂಬುದಕ್ಕೆ ಈ ಜಿಲ್ಲೆಯಲ್ಲಿಯೇ ದೊಡ್ಡ ನಿದರ್ಶನವಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರು ಎಳೆತನದಲ್ಲಿಯೇ ಒಡಹುಟ್ಟಿದವರನ್ನೂ ತಾಯಿ ಗೌರಮ್ಮನವರನ್ನೂ ಪ್ಲೇಗಿನ ಮಾರಿಗೆ ಒಪ್ಪಿಸಿದವರು. ಆ ವೇದನೆ ಮೊದಲು ‘ನಾನು’ ಎಂಬ ಪದವನ್ನು ಹೊತ್ತು ಬರಲಿಲ್ಲ. 1970ರಲ್ಲಿ ‘ಗೃಹಭಂಗ’ವೆಂಬ ಕಾದಂಬರಿಯಾಗಿ, ನಂಜಮ್ಮನೆಂಬ ಪರಕೀಯ ಹೆಸರನ್ನು ಧರಿಸಿ ಬಂದಿತು. ಆತ್ಮವೃತ್ತಾಂತವಾದ ‘ಭಿತ್ತಿ’ ಪ್ರಕಟವಾದದ್ದು 1996ರಲ್ಲಿ. ನಡುವೆ ಕಳೆದದ್ದು 26 ವರ್ಷ. ಕಥೆಯ ಮರೆಯಲ್ಲಿ ಒಮ್ಮೆ ಅತ್ತು, ಆಮೇಲೆ ಬಯಲಿಗೆ ಬಂದರೆಂದು ನಾನು ತಿಳಿಯುತ್ತೇನೆ. ಓದುಗನ ಊಹೆಯಿದು, ಲೇಖಕರ ಹೇಳಿಕೆಯಲ್ಲ. ಆ ಕಾದಂಬರಿಯಲ್ಲಿ ನಂಜಮ್ಮನಿಗೆ ಗಂಡನಿದ್ದೂ ಆಸರೆಯಿಲ್ಲ, ಅತ್ತೆಯಿದ್ದೂ ಆದರವಿಲ್ಲ. ಅವಳ ಕಷ್ಟಕ್ಕೆ ಕಿವಿಗೊಡುವವರು ಭಿಕ್ಷಾನ್ನದಿಂದ ಬದುಕುವ ಮಹದೇವಯ್ಯನವರು. ಅವರು ಆಕೆಯ ಸಂಸಾರವನ್ನು ಸರಿಪಡಿಸಲಾರರು, ಕೇಳಬಲ್ಲರು, ಅಷ್ಟೆ. ಕೊನೆಗೆ ಉಳಿದ ಅವಳ ಮಗ ವಿಶ್ವ ಊರು ಬಿಟ್ಟು ಹೊರಡುವುದು ಅವರೊಡನೆಯೇ.

ಬರೆದರೆ ಎದೆ ಹಗುರವಾಗುತ್ತದೆ ಎಂಬ ಮಾತನ್ನು ನಾವು ಸಲೀಸಾಗಿ ಆಡಿಬಿಡುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ ತಮ್ಮ ಸಹೋದ್ಯೋಗಿಯೊಡನೆ 1986ರಲ್ಲಿ ಪ್ರಕಟಿಸಿದ ಪ್ರಯೋಗವು ಈ ಮಾತನ್ನು ಅರ್ಧ ಒಪ್ಪಿ, ಅರ್ಧ ತಿದ್ದುತ್ತದೆ. ದಿನಕ್ಕೆ 15 ನಿಮಿಷದಂತೆ 4 ದಿನ ತಮ್ಮ ಬಾಳಿನ ಆಘಾತವನ್ನು ಕುರಿತು ಬರೆದ ವಿದ್ಯಾರ್ಥಿಗಳಲ್ಲಿ, ನಡೆದ ಸಂಗತಿಯನ್ನೂ ಆಗ ಮನಸ್ಸಿಗಾದುದನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದದ್ದು ಕಡಿಮೆ. ಆದರೆ ಬರೆದು ಮುಗಿಸಿದ ಆ ಕ್ಷಣದಲ್ಲಿ ಅವರ ಮನಸ್ಸು ಮೊದಲಿಗಿಂತ ಕುಗ್ಗಿತ್ತು. ಮದ್ದು ಹತ್ತುವುದು ಆಮೇಲೆ, ಉರಿ ಮಾತ್ರ ಒಡನೆಯೇ ಎಂದಾಯಿತು. ಆ ಉರಿಯ ಹೊತ್ತಿಗೇ ಎದುರಿಗೊಬ್ಬರು ಬೇಕಾದದ್ದು.

ಆ ಒಬ್ಬರು ಯಾರು? ಕಾಗುಣಿತ ತಿದ್ದುವವರಂತೂ ಅಲ್ಲ. ಅವರ ಸರದಿ ಬೇರೆ, ಬಹಳ ತಡವಾಗಿ. ‘ಆದದ್ದಾಯ್ತು, ಬಿಡಿ’ ಎಂದು ಎರಡನೆಯ ಪುಟಕ್ಕೇ ಕಾಫಿ ತರಿಸುವ ಆತ್ಮೀಯರೂ ಅಲ್ಲ. ‘ತಿದ್ದಬೇಡಿ, ಸುಮ್ಮನೆ ಕೇಳಿ’ ಎಂದು ಮೊದಲೇ ಹೇಳಿದರೆ ಮುನಿಯದವರು ಸಾಕು. ಇನ್ನು, ಹಲವು ದಿನ ನಿದ್ರೆ ಹತ್ತದೆ, ಅನ್ನ ಸೇರದೆ, ಬರೆದ ದೃಶ್ಯವೇ ಹಗಲಿನಲ್ಲಿಯೂ ಕಣ್ಣಿಗೆ ಕಟ್ಟುತ್ತ, ಬಾಳೇ ಬೇಡವೆನ್ನಿಸುವಂತಾದರೆ, ಅದು ಸ್ನೇಹಿತರ ಕಿವಿಗೆ ಮೀರಿದ ಭಾರ. ಬರವಣಿಗೆಯನ್ನು ಅಲ್ಲಿಗೇ ನಿಲ್ಲಿಸಿ ಮನೋವೈದ್ಯರನ್ನು ಕಾಣತಕ್ಕದ್ದು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್‌ನ 14416 ಸಹಾಯವಾಣಿ ಸಂಖ್ಯೆಗೆ ಕರೆಮಾಡಿದರೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಆತ್ಮಕಥೆ ಕಾಯಬಲ್ಲುದು.

ಹೊಳೆನರಸೀಪುರದಲ್ಲಿ ನೆಲೆಸಿರುವ ನನ್ನ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರು ಇನ್ನೂರು ಪುಟದ ಗೆರೆಪುಸ್ತಕದಲ್ಲಿ ತಮ್ಮ ಕಥೆಯನ್ನು ಬರೆಯಲು ಹೊರಟು, ತಾವು ಐದು ವರ್ಷದವರಿದ್ದಾಗ ತಾಯಿ ತೀರಿಕೊಂಡ ದಿನದ ಮುಂದೆ ಎಂಟು ತಿಂಗಳು ನಿಂತುಬಿಟ್ಟರು. ಕಡೆಗೆ ಹೇಗೋ ಒಂದು ಪುಟ ಬರೆದು, ಬಸ್ಸು ಹತ್ತಿ, ಅರಕಲಗೂಡಿನಲ್ಲಿದ್ದ ಅಕ್ಕನ ಮನೆಗೆ ಹೋದರು, ನಾನೂ ಜೊತೆಗಿದ್ದೆ. ಅಕ್ಕ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಇವರು ಜಗಲಿಯ ಮೇಲೆ ಕುಳಿತು ಓದತೊಡಗಿದರು: ಅಂದು ಮಳೆ ಸುರಿಯುತ್ತಿತ್ತು, ನನ್ನ ಅಂಗಿಯ ಹೆಗಲೆಲ್ಲ ತೊಯ್ದಿತ್ತು ಎಂದು.

ಸುಲಿಯುವ ಕೈ ನಿಂತಿತು. “ಮಳೆ ಎಲ್ಲಿತ್ತೋ ಅವತ್ತು? ಬೆಂಕಿಯಂಥಾ ಬಿಸಿಲು. ನಿನ್ನನ್ನ ಎತ್ಕೊಂಡು ನಾನು ಅಳ್ತಿದ್ನಲ್ಲ, ಅದಕ್ಕೆ ನಿನ್ನ ಅಂಗಿ ನೆಂದಿದ್ದು.”

ಅರವತ್ತು ವರ್ಷ ಮಳೆಯೆಂದೇ ನಂಬಿದ್ದವರು ಪುಸ್ತಕವನ್ನು ತೊಡೆಯ ಮೇಲಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, “ಹಾಗಾದ್ರೆ ತಿದ್ದಲೇನಕ್ಕ?” ಎಂದರು.

ಆಕೆ ಮತ್ತೊಂದು ಕಾಯಿ ಕೈಗೆತ್ತಿಕೊಂಡರು. “ಬೇಡ. ಮಳೆ ಅಂತಲೇ ಇರ್ಲಿ. ಮುಂದಕ್ಕೆ ಓದು.”