ರಸ್ತೆಗೊಂದು, ಟ್ರ್ಯಾಕಿಗೊಂದು: ಕಾರಿನ ಟೈರು ಮತ್ತು ಚಕ್ರಗಳ ಆಯ್ಕೆ

ಕಾರಿನ ಎಂಜಿನ್ ಎಷ್ಟೇ ಶಕ್ತಿಶಾಲಿಯಾಗಿರಲಿ, ಬ್ರೇಕು ಎಷ್ಟೇ ಸಮರ್ಥವಾಗಿರಲಿ, ಅವೆಲ್ಲವೂ ನೆಲವನ್ನು ಮುಟ್ಟುವುದು ಹೆಚ್ಚುಕಡಿಮೆ ಅಂಗೈ ಅಗಲದ ನಾಲ್ಕು ರಬ್ಬರು ತುಂಡುಗಳ ಮೂಲಕ ಮಾತ್ರ. ಹೀಗಿದ್ದರೂ ಕಾರು ಕೊಳ್ಳುವಾಗ ವಾರಗಟ್ಟಲೆ ವಿಚಾರಿಸುವ ಗ್ರಾಹಕರು ಟೈರು ಬದಲಿಸುವಾಗ ಅರ್ಧ ಗಂಟೆಯಲ್ಲಿ ತೀರ್ಮಾನಕ್ಕೆ ಬರುತ್ತಾರೆ. ಆ ಅರ್ಧ ಗಂಟೆಯಲ್ಲಿಯೂ ಹೆಚ್ಚಿನ ಪಾಲು ಅಲಾಯ್ ಚಕ್ರದ ಅಂದವನ್ನು ನೋಡುವುದರಲ್ಲಿ ಕಳೆಯುತ್ತದೆ.

ವ್ಯಾಪಾರ ಮತ್ತು ಕೈಗಾರಿಕಾ ಕುಟುಂಬಗಳ ಯುವಕರಲ್ಲಿ ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಆಸಕ್ತಿ ಬೆಳೆದಿದೆ. ವಾರವಿಡೀ ಕಚೇರಿ, ಕಾರ್ಖಾನೆಗಳಿಗೆ ಓಡಿಸಿದ ಕಾರನ್ನೇ ಬಿಡುವಿನ ದಿನ ರೇಸ್ ಟ್ರ್ಯಾಕಿಗೆ ಕೊಂಡೊಯ್ದು ಓಡಿಸುವುದು. ಕರ್ನಾಟಕದ ಆಸಕ್ತರು ಹೆಚ್ಚಾಗಿ ಹೋಗುವುದು 1990ರಲ್ಲಿ ಆರಂಭವಾದ, ಸುಮಾರು 3.7 ಕಿ.ಮೀ. ಉದ್ದದ ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಅಥವಾ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ. ಬೆಂಗಳೂರಿನಿಂದ ಇರುಂಗಾಟ್ಟುಕೋಟ್ಟೈಗೆ ಸುಮಾರು 300 ಕಿ.ಮೀ. ಹೆದ್ದಾರಿಯ ಪ್ರಯಾಣ. ಅದೇ ಟೈರಿನಲ್ಲಿ ಹೋಗಿ, ಅದೇ ಟೈರಿನಲ್ಲಿ ಟ್ರ್ಯಾಕ್ ಸುತ್ತಿ, ಅದೇ ಟೈರಿನಲ್ಲಿ ರಾತ್ರಿ ಹಿಂತಿರುಗಬೇಕು. ಸಮಸ್ಯೆ ಇರುವುದು ಇಲ್ಲಿಯೇ. ರಸ್ತೆ ಮತ್ತು ಟ್ರ್ಯಾಕ್‌ಗಳು ಟೈರಿನಿಂದ ಒಂದಕ್ಕೊಂದು ವಿರುದ್ಧವಾದ ಗುಣಗಳನ್ನು ಬೇಡುತ್ತವೆ.

ಅಂಕಿಗಳ ಅರ್ಥ

ಭಾರತದ ಅನೇಕ ಮಧ್ಯಮ ದರ್ಜೆಯ ಸೆಡಾನ್‌ಗಳಲ್ಲಿ ಬರುವ 205/55 ಆರ್ 16 91 ವಿ ಎಂಬ ಗಾತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 205 ಎಂಬುದು ಮಿಲಿಮೀಟರ್‌ಗಳಲ್ಲಿ ಟೈರಿನ ಅಗಲ. 55 ಎಂಬುದು ಸೈಡ್‌ವಾಲ್‌ನ ಎತ್ತರವು ಆ ಅಗಲದ ಶೇಕಡ 55ರಷ್ಟು ಎಂಬುದರ ಸೂಚನೆ; ಅಂದರೆ ಸುಮಾರು 113 ಮಿ.ಮೀ. ಆರ್ ಎಂದರೆ ರೇಡಿಯಲ್. 16 ಎಂದರೆ ಇಂಚುಗಳಲ್ಲಿ ರಿಮ್ಮಿನ ವ್ಯಾಸ. 91 ಎಂಬ ಭಾರ ಸೂಚ್ಯಂಕವು ಒಂದು ಟೈರು 615 ಕೆ.ಜಿ. ಹೊರಬಲ್ಲದೆಂದೂ, ವಿ ಅಕ್ಷರವು ಗಂಟೆಗೆ 240 ಕಿ.ಮೀ. ವೇಗದವರೆಗೆ ಅದನ್ನು ಪರೀಕ್ಷಿಸಲಾಗಿದೆಯೆಂದೂ ತಿಳಿಸುತ್ತವೆ. ಎಚ್ ಎಂದಿದ್ದರೆ 210, ಡಬ್ಲ್ಯು ಎಂದಿದ್ದರೆ 270 ಕಿ.ಮೀ.

ಮೇಲಿನ ಟೈರಿನ ಒಟ್ಟು ವ್ಯಾಸ ಸುಮಾರು 632 ಮಿ.ಮೀ. ರಿಮ್ ಬದಲಿಸುವವರು ಮೊದಲು ಕಾಪಾಡಿಕೊಳ್ಳಬೇಕಾದ ಸಂಖ್ಯೆ ಇದು. 17 ಇಂಚಿನ ರಿಮ್ಮಿಗೆ 225/45 ಗಾತ್ರದ ಟೈರು ಹಾಕಿದರೆ ವ್ಯಾಸ 634 ಮಿ.ಮೀ. ಆಗುತ್ತದೆ, ವ್ಯತ್ಯಾಸ ಶೇಕಡ ಅರ್ಧಕ್ಕಿಂತಲೂ ಕಡಿಮೆ. ಅಗ್ಗವಾಗಿ ಸಿಕ್ಕಿತೆಂದು ಅದೇ 17 ಇಂಚಿಗೆ 215/55 ಹಾಕಿಸಿದರೆ ವ್ಯಾಸ 668 ಮಿ.ಮೀ.ಗೆ ಏರುತ್ತದೆ. ಆಗ ಸ್ಪೀಡೋಮೀಟರಿನ ಮುಳ್ಳು ಮೊದಲು ಸರಿಯಾಗಿಯೇ ಇತ್ತೆಂದುಕೊಂಡರೂ, ಅದು 100 ತೋರಿಸುವಾಗ ಕಾರು ಸುಮಾರು 106 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡ್‌ನ ಒಳಭಾಗಕ್ಕೆ ಉಜ್ಜುವ ಸಂಭವವೂ ಇದೆ.

ದೊಡ್ಡ ರಿಮ್ಮಿನ ಮೋಹ

ರಿಮ್ ದೊಡ್ಡದಾದಷ್ಟೂ ಕಾರು ವೇಗವಾಗಿ ಓಡುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದರಲ್ಲಿ ಅರ್ಧ ಸತ್ಯವಿದೆ. ಸೈಡ್‌ವಾಲ್ ಗಿಡ್ಡವಾದರೆ ತಿರುವಿನಲ್ಲಿ ಟೈರು ಕಡಿಮೆ ಬಾಗುತ್ತದೆ. ಸ್ಟೀರಿಂಗಿಗೆ ಕಾರು ಬೇಗ ಸ್ಪಂದಿಸುತ್ತದೆ. ಆದರೆ ಸಾಧಾರಣ ಎರಕದ ಅಲಾಯ್ ಚಕ್ರ ದೊಡ್ಡದಾದಂತೆ ಅದರ ತೂಕವೂ ಹೆಚ್ಚುತ್ತದೆ, ಆ ತೂಕ ಕೇಂದ್ರದಿಂದ ದೂರಕ್ಕೂ ಸರಿಯುತ್ತದೆ. ತಿರುಗುವ ಭಾರವನ್ನು ವೇಗಕ್ಕೆ ತರಲು ಎಂಜಿನ್ ಹೆಚ್ಚು ದುಡಿಯಬೇಕು, ನಿಲ್ಲಿಸಲು ಬ್ರೇಕ್ ಹೆಚ್ಚು ದುಡಿಯಬೇಕು. ಹಗುರವಾದ ಫೋರ್ಜ್ ಮಾಡಿದ ಚಕ್ರಗಳು ಲಭ್ಯವಿದ್ದರೂ ಅವುಗಳ ಬೆಲೆ ಬೇರೆಯೇ ಮಟ್ಟದ್ದು.

ಟ್ರ್ಯಾಕಿನಲ್ಲಿ ಪಳಗಿದವರ ಪದ್ಧತಿ ಇದಕ್ಕೆ ತದ್ವಿರುದ್ಧವಾಗಿರುವುದು ಗಮನಾರ್ಹ. ಬ್ರೇಕಿನ ಡಿಸ್ಕ್ ಮತ್ತು ಕ್ಯಾಲಿಪರ್‌ಗೆ ತಗುಲದಂತೆ ಕೂರುವ ಅತ್ಯಂತ ಚಿಕ್ಕ ರಿಮ್ಮನ್ನೇ ಅವರಲ್ಲಿ ಅನೇಕರು ಆರಿಸುತ್ತಾರೆ. ಮೇಲಿನ ಕಾರಿಗೆ 15 ಇಂಚಿನ ರಿಮ್ ಕೂರುವುದಾದರೆ 205/60 ಆರ್ 15 ಹಾಕಬಹುದು; ವ್ಯಾಸ 627 ಮಿ.ಮೀ., ಅಗಲದಲ್ಲಿ ಯಾವ ನಷ್ಟವೂ ಇಲ್ಲ. ಚಕ್ರ ಹಗುರ, ಟೈರಿನ ಬೆಲೆಯೂ ಸಾಮಾನ್ಯವಾಗಿ ಕಡಿಮೆ. ರಿಮ್ ಒಂದೊಂದು ಇಂಚು ಏರಿದಂತೆ ಟೈರಿನ ಬೆಲೆಯೂ ಏರುವುದು ವಾಡಿಕೆ. ಈ ಖರ್ಚು ರಿಮ್ಮಿನ ಬಿಲ್ಲಿನಲ್ಲಿ ಕಾಣದೆ, ಮುಂದೆ ಪ್ರತಿ ಬಾರಿ ಟೈರು ಬದಲಿಸುವಾಗಲೂ ಬಡ್ಡಿಯಂತೆ ಹಿಂಬಾಲಿಸುತ್ತದೆ.

ನಮ್ಮ ರಸ್ತೆಗಳ ಗುಂಡಿಗಳನ್ನೂ ಮರೆಯುವಂತಿಲ್ಲ. 18 ಇಂಚಿಗೆ 225/40 ಹಾಕಿದರೆ ಸೈಡ್‌ವಾಲ್ 90 ಮಿ.ಮೀ.ಗೆ ಇಳಿಯುತ್ತದೆ. ಮಳೆನೀರು ತುಂಬಿದ ಗುಂಡಿಗೆ ಇಳಿದ ಏಟನ್ನು 113 ಮಿ.ಮೀ. ರಬ್ಬರು ನುಂಗಿಕೊಂಡರೆ, 90 ಮಿ.ಮೀ. ರಬ್ಬರು ನೇರವಾಗಿ ರಿಮ್ಮಿಗೆ ದಾಟಿಸುವ ಅಪಾಯವಿದೆ. ರಿಮ್ ಬಾಗುವುದು, ಸೈಡ್‌ವಾಲ್‌ನಲ್ಲಿ ಬುಗುಟೆ ಏಳುವುದು ಹೀಗೆಯೇ. ಬುಗುಟೆ ಎದ್ದ ಟೈರಿಗೆ ದುರಸ್ತಿ ಇಲ್ಲ. ಅದನ್ನು ತೆಗೆದುಹಾಕುವುದೊಂದೇ ದಾರಿ.

ಗಿಡ್ಡ ಟೈರುಗಳಲ್ಲಿ ಭಾರ ಸೂಚ್ಯಂಕ ಇಳಿಯದಂತೆಯೂ ಎಚ್ಚರ ವಹಿಸಬೇಕು. ಸೂಚ್ಯಂಕ 87 ಆದರೆ ಒಂದು ಟೈರಿನ ಸಾಮರ್ಥ್ಯ 545 ಕೆ.ಜಿ. ಮಾತ್ರ, ನಾಲ್ಕು ಟೈರುಗಳಿಗೆ ಒಟ್ಟು 280 ಕೆ.ಜಿ. ಖೋತಾ. ಚಕ್ರದ ಬೋಲ್ಟುಗಳ ನಡುವಣ ಅಂತರ, ಆಫ್‌ಸೆಟ್, ನಡುವಿನ ರಂಧ್ರದ ವ್ಯಾಸ ಇವು ಮೂರೂ ಮೂಲ ಚಕ್ರಕ್ಕೆ ಹೊಂದಬೇಕು. ರಿಮ್ಮಿನ ಅಗಲಕ್ಕೂ ಮಿತಿಯಿದೆ: 205/55 ಆರ್ 16 ಟೈರಿಗೆ 5.5ರಿಂದ 7.5 ಇಂಚು. ಅದಕ್ಕಿಂತ ಅಗಲದ ರಿಮ್ಮಿಗೆ ಟೈರನ್ನು ಎಳೆದು ಕೂರಿಸುವ ಶೋಕಿಗೆ ಯಾವ ತಾಂತ್ರಿಕ ಸಮರ್ಥನೆಯೂ ಇಲ್ಲ.

ಮೃದು ರಬ್ಬರು, ಗಟ್ಟಿ ರಬ್ಬರು

ಗಾತ್ರಕ್ಕಿಂತಲೂ ಮುಖ್ಯವಾದುದು ರಬ್ಬರಿನ ಗುಣ. ಅಮೆರಿಕದ ನಿಯಮದಂತೆ ಅನೇಕ ಟೈರುಗಳ ಮೇಲೆ ಸವೆತದ ಅಂಕಿಯೊಂದನ್ನು ಅಚ್ಚು ಹಾಕಿರುತ್ತಾರೆ. 100 ಅಂಕದ ಒಂದು ಮಾದರಿ ಟೈರಿನೊಂದಿಗೆ ಹೋಲಿಸಿ ಈ ಅಂಕಿ ನೀಡಲಾಗುತ್ತದೆ. 400 ಎಂದಿದ್ದರೆ ಪರೀಕ್ಷೆಯಲ್ಲಿ ಮಾದರಿಯ ನಾಲ್ಕು ಪಟ್ಟು ಬಾಳಿತೆಂದು ಅರ್ಥ. ದೂರ ಪ್ರಯಾಣದ ಟೈರುಗಳಲ್ಲಿ 400 ಅಥವಾ ಅದಕ್ಕಿಂತ ಹೆಚ್ಚು, ಟ್ರ್ಯಾಕಿಗೂ ಒದಗುವ ಟೈರುಗಳಲ್ಲಿ 200ರ ಆಸುಪಾಸು ಅಥವಾ ಕಡಿಮೆ ಇರುತ್ತದೆ. ಅಂಕಿಯನ್ನು ನೀಡುವವರು ತಯಾರಕರೇ ಆದ್ದರಿಂದ ಒಂದು ಕಂಪನಿಯ 200ನ್ನು ಇನ್ನೊಂದು ಕಂಪನಿಯ 200ಕ್ಕೆ ಸರಿಸಮವೆಂದು ಭಾವಿಸಬಾರದು. ಭಾರತದಲ್ಲಿ ಮಾರಾಟವಾಗುವ ಎಲ್ಲ ಟೈರುಗಳ ಮೇಲೆ ಇದು ಇರುವುದೂ ಇಲ್ಲ.

ಮೃದು ರಬ್ಬರು ಬಿಸಿಯಾದಾಗ ಡಾಂಬರನ್ನು ಬಿಗಿಯಾಗಿ ಹಿಡಿಯುತ್ತದೆ. ಟ್ರ್ಯಾಕಿಗೆಂದೇ ತಯಾರಾದ ಟೈರುಗಳು ಚೆನ್ನಾಗಿ ಕಾದ ನಂತರವೇ ತಮ್ಮ ಪೂರ್ಣ ಹಿಡಿತವನ್ನು ತೋರುತ್ತವೆ; ಬೆಳಗಿನ ತಣ್ಣನೆಯ ರಸ್ತೆಯಲ್ಲಿ ಅವು ಸಾಧಾರಣ ಟೈರಿಗಿಂತ ಕಳಪೆಯಾಗಿರಬಹುದು. ಅಂಗಡಿಯವರು ಬಟನ್ ಎನ್ನುವ ಟ್ರೆಡ್ ಕೂಡ ಅವುಗಳಲ್ಲಿ ಕಡಿಮೆ. ಒಣ ನೆಲದಲ್ಲಿ ಇದು ಲಾಭ, ನೀರು ನಿಂತ ರಸ್ತೆಯಲ್ಲಿ ಅಪಾಯ. ನೀರನ್ನು ಹೊರದೂಡಲು ಸಾಕಷ್ಟು ಕಾಲುವೆಗಳಿಲ್ಲದ ಟೈರು ನೀರಿನ ಮೇಲೆ ತೇಲಿಬಿಡುತ್ತದೆ. ಆಗ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆಯಲ್ಲಿ ಚೆನ್ನೈ ಹೆದ್ದಾರಿ ಹಿಡಿಯುವವರು ಇದನ್ನು ಲಘುವಾಗಿ ಪರಿಗಣಿಸಬಾರದು. ಖರ್ಚು ಉಳಿಸಲು ಮುಂದಿನ ಎರಡಕ್ಕೆ ಮಾತ್ರ ಮೃದು ಟೈರು ಹಾಕಿ, ಹಿಂದಕ್ಕೆ ಹಳೆಯದನ್ನೇ ಉಳಿಸಿಕೊಳ್ಳುವುದೂ ತರವಲ್ಲ. ಮುಂಭಾಗ ಹಿಡಿದು ಹಿಂಭಾಗ ಜಾರಿದರೆ ಕಾರು ಬುಗುರಿಯಂತೆ ತಿರುಗುತ್ತದೆ.

ಗಾಳಿಯ ಒತ್ತಡದಲ್ಲಿಯೂ ಇದೇ ವಿರೋಧಾಭಾಸ. 27 ಡಿಗ್ರಿ ಉಷ್ಣತೆಯಲ್ಲಿ 32 ಪೌಂಡ್ ತುಂಬಿದ ಟೈರು 30 ಡಿಗ್ರಿ ಹೆಚ್ಚು ಕಾದರೆ ಒತ್ತಡ ಸುಮಾರು 36–37ಕ್ಕೆ, 60 ಡಿಗ್ರಿ ಹೆಚ್ಚು ಕಾದರೆ 41ಕ್ಕೆ ಏರುತ್ತದೆ. ಅತಿಯಾಗಿ ಉಬ್ಬಿದ ಟೈರು ನೆಲವನ್ನು ಪೂರ್ತಿ ಮುಟ್ಟದು. ಆದ್ದರಿಂದ ಕಾದಾಗ 36 ಪೌಂಡ್ ಬಯಸುವವರು ತಣ್ಣಗಿರುವಾಗ 27–28 ಪೌಂಡ್‌ನಿಂದ ಆರಂಭಿಸುತ್ತಾರೆ. ಟ್ರ್ಯಾಕಿನ ಮಟ್ಟಿಗೆ ಇದು ಸರಿ. ಆದರೆ ಸಂಜೆ ಮತ್ತೆ ಗಾಳಿ ತುಂಬಿಸದೆ, ನಾಲ್ಕು ಜನ ಕುಳಿತು, ಡಿಕ್ಕಿಯಲ್ಲಿ ಸಾಮಾನು ಹೇರಿಕೊಂಡು 300 ಕಿ.ಮೀ. ಹೊರಟರೆ ಗಾಳಿ ಕಡಿಮೆಯಾದ ಟೈರು ಒಳಗೊಳಗೇ ಕಾದು, ಹೆದ್ದಾರಿಯ ವೇಗದಲ್ಲಿ ಒಡೆಯುವ ಸಾಧ್ಯತೆಯಿದೆ. ಒತ್ತಡ ಅಳೆಯುವ ಸಣ್ಣ ಮೀಟರ್ ಕಾರಿನಲ್ಲಿ ಇರಲೇಬೇಕು.

ಕಿಲೋಮೀಟರಿನ ಲೆಕ್ಕ

ಎರಡು ಜೊತೆ ಚಕ್ರ ಇಟ್ಟುಕೊಳ್ಳುವುದು ದುಂದುವೆಚ್ಚ ಎಂದು ಮೇಲ್ನೋಟಕ್ಕೆ ತೋರುತ್ತದೆ. ಒಂದು ಕಾಲ್ಪನಿಕ ಲೆಕ್ಕ ನೋಡಬಹುದು. ವರ್ಷಕ್ಕೆ 12,000 ಕಿ.ಮೀ. ರಸ್ತೆ ಓಟ, ನಾಲ್ಕು ಟ್ರ್ಯಾಕ್ ದಿನಗಳು. ಒಂದು ಟ್ರ್ಯಾಕ್ ದಿನದ ಸವೆತವು 2,000 ಕಿ.ಮೀ. ರಸ್ತೆ ಓಟಕ್ಕೆ ಸಮವೆಂದು ಇಟ್ಟುಕೊಳ್ಳೋಣ. ನಾಲ್ಕು ಮೃದು ಟೈರುಗಳಿಗೆ ರೂ. 60,000, ಬಾಳಿಕೆ 20,000 ಕಿ.ಮೀ.; ರಸ್ತೆಯ ಟೈರುಗಳಿಗೆ ರೂ. 32,000, ಬಾಳಿಕೆ 40,000 ಕಿ.ಮೀ.

ಮೃದು ಟೈರಿನಲ್ಲಿಯೇ ಎಲ್ಲ ಓಟ ನಡೆಸಿದರೆ ವರ್ಷಕ್ಕೆ 20,000 ಕಿ.ಮೀ.ನಷ್ಟು ಸವೆತವಾಗಿ ರೂ. 60,000 ಪೂರ್ತಿ ಖರ್ಚು. ಎರಡು ಜೊತೆ ಇಟ್ಟುಕೊಂಡರೆ ರಸ್ತೆಯ ಪಾಲು ರೂ. 9,600, ಟ್ರ್ಯಾಕಿನ ಪಾಲು ರೂ. 24,000. ಹೆಚ್ಚುವರಿ ಚಕ್ರಗಳಿಗೆ ಕೊಟ್ಟ ರೂ. 60,000ವನ್ನು ಐದು ವರ್ಷಗಳಿಗೆ ಹಂಚಿದರೆ ರೂ. 12,000. ಒಟ್ಟು ರೂ. 45,600. ಪದೇ ಪದೇ ಕಾದು ತಣಿಯುವ ರಬ್ಬರು ಗಡುಸಾಗುವುದರಿಂದ ಟ್ರ್ಯಾಕ್ ಟೈರನ್ನು ಎರಡೇ ವರ್ಷಕ್ಕೆ ತೆಗೆದರೂ ಒಟ್ಟು ರೂ. 51,600. ಉಳಿತಾಯ ದೊಡ್ಡದಲ್ಲದಿರಬಹುದು, ಚಕ್ರಗಳನ್ನು ಟ್ರ್ಯಾಕಿಗೆ ಸಾಗಿಸುವ ಖರ್ಚು ಅದರಲ್ಲಿ ಸ್ವಲ್ಪ ಭಾಗವನ್ನು ತಿನ್ನಲೂಬಹುದು. ಆದರೆ ವರ್ಷದ ಉಳಿದ ದಿನಗಳಲ್ಲಿ ಕುಟುಂಬವು ಮಳೆಗೆ ತಕ್ಕ ಟೈರಿನ ಮೇಲೆ ಓಡಾಡುತ್ತದೆ.

ವರ್ಷಕ್ಕೊಮ್ಮೆ ಮಾತ್ರ ಟ್ರ್ಯಾಕಿಗೆ ಹೋಗುವವರಿಗೆ ಈ ಯಾವ ಖರ್ಚೂ ಬೇಡ. ಒಳ್ಳೆಯ ರಸ್ತೆ ಟೈರು, ಹೊಸ ಬ್ರೇಕ್ ಪ್ಯಾಡ್ ಮತ್ತು ಬ್ರೇಕ್ ಆಯಿಲ್ ಸಾಕು.

ವಿಮೆ, ತೆರಿಗೆ, ಬಿಲ್ಲು

ಖಾಸಗಿ ಕಾರಿನ ಪ್ಯಾಕೇಜ್ ಪಾಲಿಸಿಯ ಬಳಕೆಯ ಮಿತಿಗಳಲ್ಲಿ ಸಂಘಟಿತ ರೇಸ್ ಮತ್ತು ವೇಗ ಪರೀಕ್ಷೆಗಳನ್ನು ಹೊರಗಿಡಲಾಗಿದೆ. ಟ್ರ್ಯಾಕ್ ದಿನವು ರೇಸ್ ಅಲ್ಲವೆಂಬ ವಾದ ಕ್ಲೇಮಿನ ಸಮಯದಲ್ಲಿ ನಿಲ್ಲುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ವಿಮಾ ಕಂಪನಿಯಿಂದ ಮುಂಚಿತವಾಗಿ ಲಿಖಿತ ಉತ್ತರ ಪಡೆಯುವುದು ಒಳಿತು. ಸಾಮಾನ್ಯ ಪಾಲಿಸಿಯಲ್ಲಿ ಟೈರಿಗೆ ಮಾತ್ರ ಹಾನಿಯಾದರೆ ಪರಿಹಾರವಿಲ್ಲ; ವಾಹನಕ್ಕೂ ಜೊತೆಯಲ್ಲಿ ಹಾನಿಯಾಗಿದ್ದರೆ ಹೊಸ ಟೈರಿನ ಬೆಲೆಯ ಶೇಕಡ 50ರವರೆಗೆ ಮಾತ್ರ. ಚಾಲಕನ ಬಾಗಿಲ ಬಳಿಯ ಪಟ್ಟಿಯಲ್ಲಿ ತಯಾರಕರು ನಮೂದಿಸಿದ ಗಾತ್ರಗಳನ್ನು ಮೀರಿದಷ್ಟೂ ವಿವಾದಕ್ಕೆ ಎಡೆ ಹೆಚ್ಚು. ಕಾರು ಸಂಸ್ಥೆಯ ಹೆಸರಿನಲ್ಲಿದ್ದರೂ ಟ್ರ್ಯಾಕಿನ ಟೈರು ವ್ಯವಹಾರದ ಖರ್ಚಲ್ಲ. ಪಾಲುದಾರನ ಸ್ವಂತ ಖಾತೆಗೆ ಬರೆಯತಕ್ಕದ್ದು.

ಕಾರಿನ ಹೊಸ ಟೈರುಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡ 28ರಿಂದ 18ಕ್ಕೆ ಇಳಿಯಿತು. ಆಮದು ಟೈರುಗಳನ್ನು 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು ನಿರ್ಬಂಧಿತ ಪಟ್ಟಿಗೆ ಸೇರಿಸಿದ ನಂತರ ಅಪರೂಪದ ಗಾತ್ರಗಳು ಸಿಗುವುದು ಕಷ್ಟವಾಯಿತು. ಇಂಥ ಗಾತ್ರದ ದಾಸ್ತಾನು ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತು, ಭಾರಿ ರಿಯಾಯಿತಿಯಲ್ಲಿ ಹೊರಬರುವುದುಂಟು. ಖರೀದಿಸುವವರು ಐ.ಎಸ್.ಐ. ಗುರುತನ್ನೂ ಸೈಡ್‌ವಾಲ್ ಮೇಲಿನ ನಾಲ್ಕು ಅಂಕಿಗಳ ತಯಾರಿಕೆಯ ಗುರುತನ್ನೂ ನೋಡಬೇಕು. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರ. ನಾಲ್ಕು ಟೈರುಗಳ ಈ ಅಂಕಿಗಳನ್ನೂ ಬಿಲ್ಲಿನ ಮೇಲೆಯೇ ಬರೆಸಿಕೊಂಡರೆ ಮುಂದೆ ವಾರಂಟಿ ಕೇಳುವಾಗ ಗ್ರಾಹಕರಿಗೂ ವರ್ತಕರಿಗೂ ತಕರಾರು ತಪ್ಪುತ್ತದೆ.