ಲೈಟು ಮಿಣುಕಿದರೆ ಏಣಿ ಹತ್ತಿದವನದ್ದೇ ತಪ್ಪಾ?

ಗಣೇಶನ ಪೆಂಡಾಲ್ ಮುಂದೆ ಗರಿ ಬಿಚ್ಚುವ ನವಿಲು, ಬಣ್ಣ ಬದಲಿಸುವ ಕಮಾನು ನೋಡಿರ್ತೀರಿ. ಕಂಟ್ರೋಲರ್ ಪಕ್ಕದಲ್ಲೇ ಇದ್ದಾಗ ಚೆನ್ನಾಗಿ ಓಡುವ ಈ ಪಿಕ್ಸೆಲ್ ಲೈಟುಗಳು, ನಡುವೆ ಹದಿನೈದು ಮೀಟರ್ ವೈರ್ ಎಳೆದರೆ ಕೆಲವು ಸಲ ಹುಚ್ಚುಹುಚ್ಚಾಗಿ ಮಿಣುಕುತ್ತವೆ. ಬೈಗುಳ ಬೀಳೋದು ಏಣಿ ಹತ್ತಿದ ಹುಡುಗನಿಗೆ: ‘ಜಾಯಿಂಟ್ ಸರಿ ಹಾಕಿಲ್ಲ ನೀನು.’ ಎಂಜಿನಿಯರಿಂಗ್ ಓದಿ ಈ ಕಡೆ ಬಂದಿರೋದರಿಂದ ನಾನು ಅವನ ಪರ ಸ್ವಲ್ಪ ವಕಾಲತ್ತು ವಹಿಸ್ತೀನಿ.

ಹೆಚ್ಚು ಬಳಕೆಯಲ್ಲಿರುವ ಡಬ್ಲ್ಯುಎಸ್2812ಬಿ ತಗೊಳ್ಳಿ. ಪ್ರತಿ ಎಲ್‌ಇಡಿಯೊಳಗೂ ಪುಟ್ಟ ಚಿಪ್ ಇದೆ. ಡೇಟಾಗೆ ಒಂದೇ ತಂತಿ, ಸೆಕೆಂಡಿಗೆ 8 ಲಕ್ಷ ಬಿಟ್. ವೋಲ್ಟೇಜ್ ಸುಮಾರು 0.4 ಮೈಕ್ರೊಸೆಕೆಂಡ್ ಮೇಲಿದ್ದರೆ ಸೊನ್ನೆ, 0.8 ಇದ್ದರೆ ಒಂದು. ಚಿಪ್ ತನ್ನ 24 ಬಿಟ್ ಇಟ್ಟುಕೊಂಡು, ಉಳಿದದ್ದನ್ನು ಹೊಸದಾಗಿ ತಿದ್ದಿ ಮುಂದಿನದಕ್ಕೆ ದಾಟಿಸುತ್ತೆ. ಹಾಗಾಗಿ ನೂರಾರು ಎಲ್‌ಇಡಿ ಸಾಲಾಗಿದ್ದರೂ ಡೇಟಾ ಕೆಡಲ್ಲ. ಕೆಡೋದು ಕಂಟ್ರೋಲರ್‌ನಿಂದ ಮೊದಲ ಎಲ್‌ಇಡಿವರೆಗಿನ ಖಾಲಿ ವೈರಿನಲ್ಲಿ.

ಯಾಕೆ? ಇಎಸ್‌ಪಿ32 ಥರದ ಬೋರ್ಡ್ ಕೊಡೋದು 3.3 ವೋಲ್ಟ್. 5 ವೋಲ್ಟಿನ ಚಿಪ್‌ಗೆ ಖಾತ್ರಿಯಾಗಿ ಬೇಕಿರೋದು ಅದರ ಶೇ. 70, ಅಂದರೆ 3.5 ವೋಲ್ಟ್. ಹೊರಡುವಾಗಲೇ ಸಾಲ! ಮೇಲಾಗಿ ಉದ್ದದ ವೈರಿನ ತುದಿಗೆ ಬಡಿದ ಸಿಗ್ನಲ್ ಪ್ರತಿಧ್ವನಿಯಂತೆ ವಾಪಸ್ ಬಂದು ಮುಂದಿನದರ ಜೊತೆ ಕಲಸಿಹೋಗುತ್ತೆ. ಪಕ್ಕದ ಪವರ್ ಲೈನಿನ ಗದ್ದಲ ಬೇರೆ.

‘ದಪ್ಪ ವೈರ್ ಹಾಕು’ ಅಂದರೆ ಪವರ್ ಇಳಿತ ಕಡಿಮೆಯಾಗುತ್ತೆ, ಡೇಟಾ ಸರಿಹೋಗಲ್ಲ. ಕೆಲವೇ ಮೀಟರ್ ಆದರೆ, ಸಿಗ್ನಲ್ಲನ್ನು 5 ವೋಲ್ಟಿಗೆ ಏರಿಸುವ 74ಎಎಚ್‌ಸಿಟಿ125 ಥರದ ಚಿಪ್ ಹಾಕಿ, ಹೊರಡುವ ತುದಿಯಲ್ಲೇ ಒಂದು ಸಣ್ಣ ರೆಸಿಸ್ಟರ್ ಇಡಿ. ಹತ್ತಾರು ಮೀಟರ್ ಅಂದರೆ ಕಾರ್ಖಾನೆಗಳಲ್ಲಿ ಹಳೆಯದಾದ ಆರ್‌ಎಸ್-485 ಬೇಕು. ಇಂಟರ್ನೆಟ್ ಕೇಬಲ್ಲಿನ ಹೆಣೆದ ಜೋಡಿಯಲ್ಲಿ ಒಂದು ತಂತಿಗೆ ಸಿಗ್ನಲ್, ಇನ್ನೊಂದಕ್ಕೆ ಅದರ ತಲೆಕೆಳಗು. ಗದ್ದಲ ಎರಡಕ್ಕೂ ಒಂದೇ ಥರ ಅಂಟುತ್ತೆ. ಆ ತುದಿಯ ಚಿಪ್ ಎರಡರ ವ್ಯತ್ಯಾಸ ಮಾತ್ರ ನೋಡೋದರಿಂದ ಗದ್ದಲ ಕಳೆದುಹೋಗುತ್ತೆ. ತುದಿಯಲ್ಲಿ ಜೋಡಿಗೆ ಅಡ್ಡಲಾಗಿ 100–120 ಓಮ್ ರೆಸಿಸ್ಟರ್ ಹಾಕಿದರೆ ಪ್ರತಿಧ್ವನಿಯೂ ಅಡಗುತ್ತೆ. ಎರಡೂ ಕಡೆಯ ಗ್ರೌಂಡ್ ಸೇರಿಸೋದು ಮಾತ್ರ ಯಾವ ಉಪಾಯದಲ್ಲೂ ಮರೆಯಬಾರದು.

ಇದೆಲ್ಲ ಚಿಲ್ಲರೆ ಕಾಸಿನ ಸಾಮಾನು. ದುಬಾರಿ ಇರೋದು ತಿಳಿವಳಿಕೆ. ಅದು ಇಂಗ್ಲಿಷ್ ಡೇಟಾಶೀಟಿನಲ್ಲಿ ಕೂತಿದೆ, ಕೆಲಸ ಏಣಿಯ ಮೇಲಿದೆ. ಹುಡುಗನ ಕೂಲಿ ಮುರಿಯೋ ಮುಂಚೆ ಒಂದು ಪರೀಕ್ಷೆ ಮಾಡಿ. ಕಂಟ್ರೋಲರನ್ನು ಬೋರ್ಡಿನ ಬುಡಕ್ಕೆ ತಂದು ಗಿಡ್ಡ ವೈರಲ್ಲಿ ಓಡಿಸಿ. ಸರಿಯಾಗಿ ಓಡಿದರೆ ಬೋರ್ಡಿನ ಜಾಯಿಂಟುಗಳು ಬಹುಮಟ್ಟಿಗೆ ಸರಿ ಇವೆ ಅಂತ ಅರ್ಥ. ಮಳೆಯಲ್ಲಿ ಅವನನ್ನು ಮತ್ತೆ ಮೇಲೆ ಹತ್ತಿಸಬೇಡಿ.