ಅಮೆರಿಕೆಯಲ್ಲಿ ಸ್ವಂತ ಉದ್ಯಮದ ಹಕ್ಕು

“ಆಳಾಗಿ ದುಡಿ, ಅರಸಾಗಿ ಉಣ್ಣು” ಎಂಬುದು ನಮ್ಮ ಹಿರಿಯರ ಮಾತು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ವಲಸೆಯ ಕಾಯಿದೆಯು ಭಾರತೀಯನ ಮಟ್ಟಿಗೆ ಈ ಗಾದೆಯ ಮೊದಲರ್ಧವನ್ನು ಮಾತ್ರ ಒಪ್ಪಿದಂತೆ ತೋರುತ್ತದೆ. ಪರರ ಕಂಪೆನಿಯಲ್ಲಿ ಸಂಬಳಕ್ಕೆ ದುಡಿಯಹೋಗುವವನಿಗೆ ಅಲ್ಲಿ ಬಾಗಿಲುಂಟು. ಸ್ವಂತ ಕಂಪೆನಿಯನ್ನು ಹೂಡಿ ಹತ್ತು ಜನಕ್ಕೆ ಅನ್ನ ಕೊಡುವೆನೆಂಬವನಿಗೆ ನೇರವಾದ ಬಾಗಿಲಿಲ್ಲ. ನಮ್ಮ ತರುಣರೂ ಅವರ ತಂದೆತಾಯಿಗಳೂ ಈ ಭೇದವನ್ನು ಹಡಗು ಹತ್ತುವ ಮೊದಲೇ ಅರಿತಿರುವುದು ಮೇಲು.

ನಮ್ಮವರಲ್ಲಿ ಅನೇಕರು ಉದ್ಯೋಗಕ್ಕೆ ಹೋಗುವುದು ಎಚ್-1ಬಿ ವೀಸಾದ ಮೇಲೆ. ಅದು ಯಜಮಾನನಿಗೆ ಕಟ್ಟುಬಿದ್ದ ಅನುಮತಿ. ಕೆಲಸ ಹೋದರೆ ಹೆಚ್ಚೆಂದರೆ 60 ದಿನಗಳಲ್ಲಿ ಬೇರೆ ಯಜಮಾನನನ್ನೋ ಬೇರೆ ಬಗೆಯ ವೀಸಾವನ್ನೋ ಹುಡುಕಬೇಕು. ಇಲ್ಲವಾದರೆ ದೇಶ ಬಿಡಬೇಕು. ಅವನು ಸ್ವಂತ ಕಂಪೆನಿಯ ಷೇರುಗಳನ್ನು ಹೊಂದಬಹುದು. ಪ್ರತ್ಯೇಕ ಅನುಮತಿಯಿಲ್ಲದೆ ಅದರಲ್ಲಿ ದುಡಿಯುವಂತಿಲ್ಲ. 2025ರ ಜನವರಿ 17ರಂದು ಜಾರಿಗೆ ಬಂದ ನಿಯಮವು, ಒಡೆಯನ ಪರವಾಗಿ ಅವನ ಕಂಪೆನಿಯೇ ಅರ್ಜಿ ಹಾಕಲು ಎಡೆಗೊಟ್ಟಿತೆಂಬುದು ನಿಜ. ಆದರೆ ಇತರರಿಗೆ 3 ವರ್ಷದ ಅನುಮತಿ ದೊರೆಯುವಲ್ಲಿ ಇಂಥವನಿಗೆ ಮೊದಲ ಸಲ 18 ತಿಂಗಳು ಮಾತ್ರ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಹೊರದೇಶದಿಂದ ಹೊಸದಾಗಿ ಬರುವವನ ಅರ್ಜಿಗೆ 1 ಲಕ್ಷ ಡಾಲರು ತೆರಬೇಕೆಂಬ ಅಧ್ಯಕ್ಷರ ಘೋಷಣೆಯೂ ಹೊರಟಿತು. ಎಳೆಯ ಕಂಪೆನಿ ಇದನ್ನು ತಾಳಬಲ್ಲುದೆ?

ಧನಿಕನಿಗೆ ಇಬಿ-5 ಎಂಬ ಮಾರ್ಗವುಂಟು. 2022ರ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ 10,50,000 ಡಾಲರು, ಹಿಂದುಳಿದ ಪ್ರದೇಶಗಳಲ್ಲಿ 8,00,000 ಡಾಲರು ಹೂಡಿ, ಕನಿಷ್ಠ 10 ಮಂದಿಗೆ ಪೂರ್ಣಾವಧಿ ಕೆಲಸ ಕಲ್ಪಿಸಬೇಕು. ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಇದು ಗಗನಕುಸುಮ.

ಸಣ್ಣ ಬಂಡವಾಳದವನಿಗೆ ತಕ್ಕದ್ದು ಇ-2 ವೀಸಾ. ಅದಕ್ಕೆ ಕಾಯಿದೆಯಲ್ಲಿ ಕನಿಷ್ಠ ಮೊತ್ತವನ್ನು ಗೊತ್ತುಪಡಿಸಿಲ್ಲ. ಉದ್ಯಮಕ್ಕೆ ತಕ್ಕಷ್ಟು ಗಣನೀಯ ಹಣ ಹೂಡಿದರೆ ಸಾಕು, ಉದ್ಯಮ ನಡೆಯುವವರೆಗೆ ನವೀಕರಿಸಬಹುದು. ಆದರೆ ಅಮೆರಿಕೆಯೊಡನೆ ತಕ್ಕ ಒಡಂಬಡಿಕೆಯುಳ್ಳ ದೇಶಗಳ ಪ್ರಜೆಗಳಿಗೆ ಮಾತ್ರ ಅದು ಲಭ್ಯ. ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕೆಗಳು ಆ ಪಟ್ಟಿಯಲ್ಲಿವೆ, ಭಾರತವಿಲ್ಲ! ನೆರೆಯವರಿಗೆ ದೊರೆತುದಕ್ಕೆ ನಾವು ಕರುಬುವುದಿಲ್ಲ. ನಮಗೇಕೆ ದೊರೆಯಲಿಲ್ಲವೆಂದು ಕೇಳುತ್ತೇವೆ.

ಕೇಳದೆ ಯಾವ ಹಕ್ಕೂ ಬಂದಿಲ್ಲ. 1917ರಲ್ಲಿ ಏಷ್ಯದವರಿಗೆ ಮುಚ್ಚಿದ ಬಾಗಿಲು ಭಾರತೀಯರಿಗೆ 1946ರಲ್ಲಿ ಕಿಂಚಿತ್ತು ತೆರೆದುದು, ಜೆ. ಜೆ. ಸಿಂಗ್ ಮೊದಲಾದವರು ವಾಷಿಂಗ್ಟನ್ನಿನಲ್ಲಿ ಎಡೆಬಿಡದೆ ದುಡಿದುದರಿಂದ. ಆಗ ಸಿಕ್ಕಿದ್ದು ವರ್ಷಕ್ಕೆ 100 ಜನರ ಪಾಲು. ಇಸ್ರೇಲಿಗೆ ಇ-2 ಸೌಕರ್ಯ ದೊರೆತುದು 2012ರ ಪ್ರತ್ಯೇಕ ಕಾಯಿದೆಯಿಂದ. ಆ ದೇಶವೂ ಅಮೆರಿಕನರಿಗೆ ಸರಿಸಮನಾದ ಅವಕಾಶ ಕೊಟ್ಟ ಮೇಲೆ, 2019ರಲ್ಲಿ, ಅದು ಬಳಕೆಗೆ ಬಂದಿತು. ಕೊಟ್ಟು ಪಡೆಯುವ ಈ ದಾರಿ ನಮಗೂ ಉಂಟು. ಅಮೆರಿಕೆಯೊಡನೆ ವಾಣಿಜ್ಯದ ಮಾತಿಗೆ ಕುಳಿತಾಗಲೆಲ್ಲ ದೆಹಲಿಯ ಸರ್ಕಾರವು ಸರಕಿನ ಸುಂಕದಷ್ಟೇ ಆಸ್ಥೆಯಿಂದ ಈ ಪ್ರಶ್ನೆಯನ್ನೂ ಎತ್ತತಕ್ಕದ್ದು.

ಅಲ್ಲಿಯವರೆಗೆ ತರುಣರಿಗೆ ನಮ್ಮ ಸೂಚನೆಯೊಂದೇ: ಮೊದಲು ಇಲ್ಲಿ, ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕಂಪೆನಿಯನ್ನು ಕಟ್ಟಿರಿ. ಅದರಲ್ಲಿ ಒಂದು ವರ್ಷ ಮೇಲ್ವಿಚಾರಕರಾಗಿ ದುಡಿದವರು, ಅಮೆರಿಕೆಯಲ್ಲಿ ಅದರ ಶಾಖೆ ತೆರೆಯಲು ಎಲ್-1 ವೀಸಾ ಕೋರಬಹುದು. ಹೊಸ ಶಾಖೆಗೆ ಮೊದಲು ದೊರೆಯುವುದು ಒಂದೇ ವರ್ಷ. ಆದರೂ ಹೋಗುವವನು ಪರರ ಆಳಾಗಿ ಅಲ್ಲ, ತನ್ನ ಮನೆಯ ಪ್ರತಿನಿಧಿಯಾಗಿ ಹೋಗುತ್ತಾನೆ. ಅಲ್ಲಿ ಬಾಗಿಲು ಮುಚ್ಚಿದರೂ ಇಲ್ಲಿ ಒಲೆ ಆರದು.